ಪುಸ್ತಕದ ಏಡಿ, ಕಾಗಿಣಾದ ಏಡಿ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಗ್ಗೆ ನಳ ಬಂತು, ಆರು ಕೊಡ ತುಂಬಿಟ್ಟೆ. ಅತ್ತೆಯವರಿಗೆ ಬಿಸಿನೀರು ಕಾಸಿಕೊಟ್ಟು ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ತೊಗರಿಬೇಳೆ ಆರಿಸಿದೆ, ಶೇಂಗಾ ಹುರಿದು ಚಟ್ನಿಪುಡಿಯ ಹಿಂಡಿ ಕುಟ್ಟಿದೆ. ಯಜಮಾನರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ರಂಗೋಲಿ ಪುಡಿ ತೀರಿತ್ತು, ತಂದು ಹಳೆಯ ಸ್ಟೀಲ್ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಅಟ್ಟದ ಮೇಲಿನ ಟ್ರಂಕು ಇಳಿಸಿ ಒಂದು ನೋಟ್‌ಬುಕ್ಕು ಹುಡುಕಿದೆ. ಸಿಕ್ಕಿತು. ಮೂಲೆಗೆ ಗೆದ್ದಲು ಹತ್ತಿತ್ತು, ಅಕ್ಷರಕ್ಕೆ ಏನೂ ಆಗಿರಲಿಲ್ಲ.

ನೋಟ್‌ಬುಕ್ಕು ಹುಡುಕಿದ್ದು ಸುಜಾತಾಳ ಸಲುವಾಗಿ. ಸುಜಾತಾ ನಾವು ಈಗಿರುವ ಸೇಡಂನ ಕಾಲೇಜಿಗೆ ಹೊಸದಾಗಿ ಬಂದ ಕನ್ನಡ ಅತಿಥಿ ಉಪನ್ಯಾಸಕಿ. ನಿನ್ನೆ ಫೋನ್ ಮಾಡಿದ್ದಳು. "ಮೇಡಂ, ಆ ಕಿರುಕಾದಂಬರಿ ಮತ್ತ ಸಿಲೆಬಸ್‌ನಾಗ ಬಂದದರಿ. ಪ್ರಾಣಿ ಸಂಕೇತದ ನೋಟ್ಸು ನಿಮ್ಮ ಹಂತೇಕ ಭಾಳ ಛಲೋ ಅದ ಅಂತ ಎಲ್ಲಾರೂ ಹೇಳ್ತಾರ. ನಾಳಿ ಸಂಜಿಗಿ ಬರಲೇನ್ರಿ?" ಬಾ ಅಂದೆ. ಅಂದಮೇಲೆ ಕೊಡಬೇಕೋ ಬೇಡವೋ ಅಂತ ಯೋಚನೆ ಹತ್ತಿತು. ಕೊಡುವುದಾದರೆ ಅದರ ಜೊತೆ ಈ ಮಾತೂ ಹೋಗಲಿ ಅಂತ ಬರೆಯಲು ಕೂತಿದ್ದೇನೆ. ಗಂಟಲಿನ ತೊಂದರೆಯಿಂದ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವಳು ನಾನು. ಮಾತಾಡಿ ಮಾತಾಡಿ ದನಿ ಹೋಯಿತು, ಕೈ ಇನ್ನೂ ನೆಟ್ಟಗಿದೆ.

ಈ ನೋಟ್‌ಬುಕ್ಕಿನ ಮೂಲ ನನ್ನದಲ್ಲ. ನಾನು ಮೊದಲು ನೌಕರಿಗೆ ಸೇರಿದ್ದು ಚಿಂಚೋಳಿಯಲ್ಲಿ. ಅಲ್ಲಿ ನಿವೃತ್ತಿಯ ಅಂಚಿಗಿದ್ದ ಒಬ್ಬ ಸರ್ ಇದ್ದರು. ನಾನು ಮೊದಲ ದಿನ ಏನು ಪಾಠ ಮಾಡಲಿ ಅಂತ ಪುಸ್ತಕ ತಿರುವುತ್ತ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ತಮ್ಮ ಕಪಾಟು ತೆಗೆದು ಈ ಟಿಪ್ಪಣಿ ಕೈಗಿಟ್ಟರು. "ತಗೋರಿ ತಂಗಿ. ಇದೊಂದು ಇದ್ದರ ಮೂವತ್ತು ವರ್ಷ ಯೋಚನೀನೇ ಇಲ್ಲ. ನನಗ ನಮ್ಮ ಸೀನಿಯರು ಕೊಟ್ಟದ್ದು," ಅಂದರು. ಆ ಹೊತ್ತಿಗೆ ಅವರು ನನಗೆ ದೇವರ ಹಾಗೆ ಕಂಡರು. ಇವತ್ತಿಗೂ ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅದನ್ನು ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಎರಡು ಅಂಕಣ ಮಾಡಿದೆ. ಎಡಕ್ಕೆ ಪ್ರಾಣಿ, ಬಲಕ್ಕೆ ಅರ್ಥ.

ಕಾದಂಬರಿ ಓದದವರಿಗೂ ತಿಳಿಯಲಿ ಅಂತ ಕತೆ ಹೇಳುತ್ತೇನೆ. ಹೊಳೆಯ ದಂಡೆಯ ಮೇಲೆ ಒಂದು ದೊಡ್ಡ ಮನೆ. ಗಂಡ ಊರು ಬಿಟ್ಟುಹೋದ ಒಬ್ಬ ಸೊಸೆ ಆ ಮನೆಯಲ್ಲಿ ಎಲ್ಲರ ಚಾಕರಿ ಮಾಡಿಕೊಂಡಿದ್ದಾಳೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಪ್ರಾಣಿ ಬರುತ್ತದೆ: ಗೋಡೆಯ ಹಲ್ಲಿ, ಕೊಟ್ಟಿಗೆಯ ಎಮ್ಮೆ, ಹೊಳೆಯ ಕೊಕ್ಕರೆ. ಕೊನೆಯ ಪುಟದಲ್ಲಿ ಹೊಳೆ ತುಂಬಿ ಇಳಿದಿದೆ. ಬಚ್ಚಲಿನ ಮೋರಿಯಿಂದ ಒಂದು ಏಡಿ ಒಳಗೆ ಬರುತ್ತದೆ. ಊಟಕ್ಕೆ ಕೂತ ಎಲ್ಲರ ಮುಂದೆಯೇ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಹೊಳೆಯ ಕಡೆ ಹೋಗಿಬಿಡುತ್ತದೆ. ಬಡಿಸುತ್ತಿದ್ದ ಸೊಸೆ ಅದನ್ನು ನೋಡಿ ಒಮ್ಮೆ ನಗುತ್ತಾಳೆ. ಮರುದಿನ ಅವಳ ಕೋಣೆ ಖಾಲಿ. ಅಲ್ಲಿಗೆ ಕತೆ ಮುಗಿಯಿತು. ಅವಳು ಎಲ್ಲಿ ಹೋದಳು, ಸತ್ತಳೋ ಬದುಕಿದಳೋ, ಯಾಕೆ ನಕ್ಕಳು, ಲೇಖಕರು ಒಂದೂ ಹೇಳುವುದಿಲ್ಲ.

ನಮ್ಮ ನೋಟ್ಸು ಮಾತ್ರ ಎಲ್ಲವನ್ನೂ ಹೇಳುತ್ತಿತ್ತು. ಹಲ್ಲಿ ಅಂದರೆ ಅಪಶಕುನ. ಎಮ್ಮೆ ಅಂದರೆ ಜಡತೆ. ಕೊಕ್ಕರೆ ಅಂದರೆ ಕಪಟ. ಏಡಿಯ ಮುಂದೆ ಹೀಗಿತ್ತು: "ಏಡಿ ಹಿಂದಕ್ಕೆ ನಡೆಯುವ ಪ್ರಾಣಿ. ಆದ್ದರಿಂದ ಇದು ಹಿಂದಕ್ಕೆ ಸರಿಯುವ ಬದುಕಿನ, ಸೋಲಿನ, ಸಾವಿನ ಸಂಕೇತ. ಸೊಸೆಯ ನಗೆ ಹತಾಶೆಯ ನಗೆ." ಐದಂಕದ ಉತ್ತರಕ್ಕೆ ಬೇಕಾದಷ್ಟು ಅದರಲ್ಲಿತ್ತು.

ಚಿಂಚೋಳಿಯಲ್ಲಿ ಇದನ್ನೇ ಹೇಳಿದೆ. ಅಲ್ಲಿಂದ ವಾಡಿಗೆ ವರ್ಗವಾಯಿತು. ವಾಡಿಯಲ್ಲಿ ಪಾಠ ಅಂದರೆ ರೈಲಿನ ಜೊತೆ ಜಗಳ. ಗೂಡ್ಸ್ ಗಾಡಿ ಹೊರಟರೆ ಐದು ನಿಮಿಷ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಹಾಗಾಗಿ ಬಾಯಿಪಾಠ ಮಾಡಿಸುವುದೇ ಸಲೀಸು ಅನ್ನಿಸಿತು. ನಾನು "ಏಡಿ" ಅಂದರೆ ಹುಡುಗರೆಲ್ಲ ಒಟ್ಟಿಗೆ "ಹಿಂದಕ್ಕ್ರೀ" ಅನ್ನುತ್ತಿದ್ದರು, ಗಾಡಿಯ ಸದ್ದಿಗಿಂತ ಜೋರಾಗಿ. ಮುಂದೆ ಚಿತ್ತಾಪುರಕ್ಕೆ ವರ್ಗವಾದಾಗ ಅಲ್ಲಿನ ಪ್ರಿನ್ಸಿಪಾಲರು ಒಮ್ಮೆ ಕಿಟಕಿಯಲ್ಲಿ ನಿಂತು ಇದನ್ನು ಕೇಳಿ ಮೆಚ್ಚಿದರು. "ರಿಝಲ್ಟ್ ಅಂದ್ರ ಹಿಂಗ ತರಬೇಕ್ರಿ," ಅಂತ ಉಳಿದವರ ಮುಂದೆ ಹೊಗಳಿದರು. ನನಗೆ ಹಿಗ್ಗಾಯಿತು. ಅವತ್ತು ಮನೆಗೆ ಹೋಗಿ ಶಿರಾ ಮಾಡಿದ್ದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಷ್ಟು ವರ್ಷ ನಾನು ಏಡಿಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ತವರಿನಲ್ಲೂ ಅತ್ತೆಯ ಮನೆಯಲ್ಲೂ ಮಡಿ, ಏಕಾದಶಿ, ತುಳಸಿಕಟ್ಟೆ. ಉಳ್ಳಾಗಡ್ಡಿ ಕೂಡ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದ್ದ ಮನೆ ನಮ್ಮದು. ಹೊಳೆಗೆ ಹೋದರೆ ಸ್ನಾನಕ್ಕೆ, ಅದೂ ಕಣ್ಣು ಮುಚ್ಚಿಕೊಂಡು. ಪಂಚಾಂಗದ ಕರ್ಕ ರಾಶಿಯ ಚಿತ್ರದಲ್ಲಿ ಏಡಿ ನೋಡಿದ್ದೆ. ಚಿತ್ರದ ಏಡಿ ನಡೆಯುವುದಿಲ್ಲವಲ್ಲ.

ಆಮೇಲೆ ಶಹಾಬಾದಿಗೆ ಬಂದೆ. ಅಲ್ಲಿನ ಕಾಲೇಜಿನ ಕಪ್ಪುಹಲಗೆ ಬೆಳ್ಳಗಾಗಿಹೋಗಿತ್ತು, ಬರೆದರೆ ಕಾಣುತ್ತಿರಲಿಲ್ಲ. ಆದರೆ ಊರೇ ಕಲ್ಲಿನ ಊರು. ವರಾಂಡದ ತುಂಬ ನುಣ್ಣನೆಯ ಫರಸಿ ಕಲ್ಲು ಹಾಸಿತ್ತು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು ಫರಸಿಯ ಮೇಲೆಯೇ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ. ಒಂದು ಕಲ್ಲಿನ ಮೇಲೆ ಪ್ರಾಣಿ, ಮಗ್ಗಲಿನ ಕಲ್ಲಿನ ಮೇಲೆ ಅರ್ಥ. ಹುಡುಗಿಯರು ಸುತ್ತ ನಿಂತು ಇಳಿಸಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ಅದೇ ಕಲ್ಲುಗಳ ಮೇಲೆ ಕುಂಟೆಬಿಲ್ಲೆ ಆಡುತ್ತ "ಎಮ್ಮೀ... ಜಡತೆ! ಕೊಕ್ಕರೀ... ಕಪಟ!" ಅಂತ ಜಿಗಿಯುತ್ತಿದ್ದರು.

ನಾಗಮ್ಮ ಸಿಕ್ಕಿದ್ದು ಅಲ್ಲಿ, ದ್ವಿತೀಯ ಪಿಯುಸಿಯಲ್ಲಿ. ಊರಿನಿಂದ ಸ್ವಲ್ಪ ದೂರ, ಕಾಗಿಣಾ ಹೊಳೆಯ ದಂಡೆಯ ಓಣಿಯವಳು. ತಂದೆ ಹಣಮಂತ ಹೊಳೆಯಲ್ಲಿ ಬಲೆ ಹಾಕುತ್ತಿದ್ದ, ನೀರು ಕಡಿಮೆಯಾದಾಗ ಕಲ್ಲಿನ ಗಣಿಗೆ ಕೂಲಿಗೆ ಹೋಗುತ್ತಿದ್ದ. ಹುಡುಗಿ ಮಾತು ಕಡಿಮೆ. ಉದ್ದ ಜಡೆ, ಮೊಂಡು ಪೆನ್ನು. ಕನ್ನಡದಲ್ಲಿ ಅಂಥ ಜಾಣೆ ಏನಲ್ಲ, ಕಾಗುಣಿತ ತಪ್ಪುತ್ತಿದ್ದಳು. ಆದರೆ ಕತೆ ಓದುವಾಗ ಮಾತ್ರ ಮುಖ ಮುಂದೆ ಚಾಚಿ ಕೂಡುತ್ತಿದ್ದಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಏಡಿಯ ಪ್ರಶ್ನೆ ಕೊಟ್ಟಿದ್ದೆ. ನಾಗಮ್ಮ ಬರೆದದ್ದು ನನಗೆ ಇನ್ನೂ ನೆನಪಿದೆ: "ಏಡಿ ಅಡ್ಡ ನಡೆಯುತ್ತದೆ. ಅದು ಹೋಗುವಾಗ ಬೆನ್ನು ತೋರಿಸುವುದಿಲ್ಲ. ಎಲ್ಲರ ಮುಖ ನೋಡುತ್ತಲೇ ಹೋಗುತ್ತದೆ. ಅದಕ್ಕೆ ಅವಳಿಗೆ ನಗು ಬಂತು." ನಾನು "ಅಡ್ಡ" ಅನ್ನುವುದನ್ನು ಹೊಡೆದುಹಾಕಿ ಮೇಲೆ ಕೆಂಪಿನಲ್ಲಿ "ಹಿಂದಕ್ಕೆ" ಅಂತ ಬರೆದೆ. ಪಕ್ಕಕ್ಕೆ "ಪಾಠ ಲಕ್ಷ್ಯಗೊಟ್ಟು ಕೇಳು" ಅಂತ ಬುದ್ಧಿ ಬೇರೆ. ಐದಕ್ಕೆ ಸೊನ್ನೆ. ಕೊಟ್ಟು ಮರೆತೂಬಿಟ್ಟೆ.

ವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಕಾಲೇಜಿನಲ್ಲಿ ಕನ್ನಡದಲ್ಲಿ ಫೇಲಾದವಳು ಒಬ್ಬಳೇ, ನಾಗಮ್ಮ. ಮೂರಂಕ ಕಡಿಮೆ. ಉಳಿದೆಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಕೂಡ. ಉತ್ತರಪತ್ರಿಕೆಯ ನಕಲು ತರಿಸಿ ನೋಡೋಣ, ಎಲ್ಲಾದರೂ ಎಣಿಕೆ ತಪ್ಪಿರಬೇಕು ಅಂದುಕೊಂಡೆ. ತರಿಸಿದೆ. ತಪ್ಪೇನೂ ಇರಲಿಲ್ಲ. ಏಡಿಯ ಪ್ರಶ್ನೆ ಬಂದಿತ್ತು. ಪ್ರಶ್ನೆಯ ಸಂಖ್ಯೆ ಬರೆದು ಅರ್ಧ ಪುಟ ಖಾಲಿ ಬಿಟ್ಟಿದ್ದಳು. ಖಾಲಿ ಜಾಗಕ್ಕೆ ಯಾರು ಏನು ಅಂಕ ಕೊಟ್ಟಾರು?

ಅಷ್ಟರಲ್ಲಿ ಅವಳ ಗೆಳತಿಯೊಬ್ಬಳು ಬಂದು ಹೇಳಿದಳು: ನಾಗಮ್ಮಗ ಲಗ್ನ ಮಾಡ್ಲಿಕತ್ತಾರ್ರಿ ಅಕ್ಕೋರ, ಸೋದರಮಾವಗ ಕೊಡ್ತಾರಂತ. ನರ್ಸಿಂಗ್ ಓದಬೇಕು ಅನ್ನುವುದು ಆ ಹುಡುಗಿಯ ಆಸೆ ಅಂತ ನನಗೆ ಗೊತ್ತಿತ್ತು. ಪಾಸಾದರೆ ಕಲಿಸುವುದಾಗಿ ತಂದೆ ಒಪ್ಪಿದ್ದನಂತೆ. ಈಗ ಫೇಲಾದದ್ದರಿಂದ ಆ ಮಾತು ಬಿದ್ದುಹೋಗಿತ್ತು. ಮರುದಿನವೇ ಆಟೋ ಹಿಡಿದು ಅವರ ಓಣಿಗೆ ಹೋದೆ.

ಹಣಮಂತ ಬೇವಿನ ಗಿಡದ ಕೆಳಗೆ ಬಲೆ ಹೆಣೆಯುತ್ತ ಕೂತಿದ್ದ. "ಬರ್ರಿ ಅಕ್ಕೋರ, ಕುಂದ್ರಿ," ಅಂತ ಫರಸಿಯ ಕಟ್ಟೆ ಒರೆಸಿಕೊಟ್ಟ. ನಾಗಮ್ಮನ ತಾಯಿ ಒಳಗಿನಿಂದ ಇಣುಕಿದಳು. "ಚಾ ಕುಡೀತೀರೇನ್ರಿ? ನಮ್ಮ ಮನ್ಯಾಗಿಂದು ನಡೀತದೋ ಇಲ್ಲೋ?"

"ನಡೀತದವ್ವ. ಸಕ್ಕರಿ ಕಮ್ಮಿ ಹಾಕು," ಅಂದೆ.

"ಕಮ್ಮಿ ಹಾಕಿದ್ರ ಅದು ಚಾ ಹ್ಯಾಂಗ ಆಗ್ತದ?" ಅಂತ ಅವಳು ನಕ್ಕು ಒಳಗೆ ಹೋದಳು.

ನಾನು ವಿಷಯಕ್ಕೆ ಬರುವಷ್ಟರಲ್ಲಿ, ಬಾಗಿಲ ಮಗ್ಗಲಿಗಿಟ್ಟ ಬುಟ್ಟಿಯಿಂದ ಏನೋ ತಟಪಟ ಸದ್ದು ಮಾಡುತ್ತ ಕೆಳಗೆ ಬಿತ್ತು. ಅಂಗೈ ಅಗಲದ ಪ್ರಾಣಿ. ನಾನು ಎರಡೂ ಕಾಲು ಮೇಲೆತ್ತಿಕೊಂಡೆ. ಅದು ನನ್ನ ಕಡೆ ಎರಡು ಕಡ್ಡಿಯಂಥ ಕಣ್ಣು ನೆಟ್ಟು, ಕೊಂಡಿ ಎತ್ತಿ ಹಿಡಿದು, ಫರಸಿಯ ಮೇಲೆ ಸರಸರ ಮಗ್ಗಲಿಗೆ ಸರಿಯಿತು. ಒಂದು ಕಲ್ಲು ದಾಟಿತು, ಇನ್ನೊಂದು ದಾಟಿತು. ಮುಖ ನನ್ನ ಕಡೆಯೇ, ಹೋಗುವುದು ಬೇರೆ ಕಡೆ.

"ಅಯ್ಯ ಪಾಪ, ಅದರ ಕಾಲು ಮುರಿದದೇನು? ಯಾಕ ಹಿಂಗ ಅಡ್ಡಡ್ಡ ನಡೀಲಿಕತ್ತದ?" ಅಂತ ಕೇಳಿದೆ.

ಹಣಮಂತ ಬಲೆ ಕೆಳಗಿಟ್ಟ. ನಾನು ಚೇಷ್ಟೆ ಮಾಡುತ್ತಿದ್ದೇನೋ ಅಂತ ಮುಖ ನೋಡಿದ. "ಏಡಿ ಮತ್ತ ಹ್ಯಾಂಗ ನಡೀತದ್ರಿ ಅಕ್ಕೋರ? ಉದ್ದುದ್ದ ನಡೀತದೇನು?"

ಆ ಕ್ಷಣದಲ್ಲಿ ನನಗೆ ಕೆಂಪು ಗೆರೆ ನೆನಪಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಾಗಮ್ಮ ನಿಂತಿದ್ದಳು, ತಲೆ ತಗ್ಗಿಸಿಕೊಂಡು. ಚಿಂಚೋಳಿ, ವಾಡಿ, ಚಿತ್ತಾಪುರ, ಶಹಾಬಾದು. ಎಷ್ಟು ವರ್ಷ, ಎಷ್ಟು ಹುಡುಗರು. ಅವರಲ್ಲಿ ಅರ್ಧ ಜನ ಹಳ್ಳಕೊಳ್ಳದಲ್ಲಿ ಕೈಹಾಕಿ ಏಡಿ ಹಿಡಿದವರೇ ಇರಬೇಕು.

"ಇಷ್ಟು ಮಂದಿ ಇದ್ರಿ ಕ್ಲಾಸಿನ್ಯಾಗ. ಒಬ್ಬರಾದ್ರೂ ಹೇಳಬಾರದೇನ ನನಗ?" ಅಂತ ನಾಗಮ್ಮನನ್ನು ಕೇಳಿದೆ.

"ಬುಕ್ಕಿನ ಏಡಿ ಬ್ಯಾರೇನೇ ಇರಬೇಕು ಅಂತ ಎಲ್ಲಾರೂ ಅಂದ್ರರಿ. ಬುಕ್ಕಿನ್ಯಾಗ ಮಂದೀನೂ ಬ್ಯಾರೆ ಥರಾ ಮಾತಾಡ್ತಾರಲ್ರಿ. ಹಂಗ ಏಡೀನೂ ಬ್ಯಾರೆ ನಡೀತಿರಬೇಕು ಅಂತ."

"ಮತ್ತ ಪರೀಕ್ಷಾದಾಗ ಖಾಲಿ ಯಾಕ ಬಿಟ್ಟಿ?"

ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. ಆಮೇಲೆ ಅಂದಳು: "ಅಡ್ಡ ಅಂತ ಬರದ್ರ ಸೊನ್ನಿ ಕೊಡ್ತೀರಿ. ಹಿಂದಕ್ಕ ಅಂತ ಬರೀಲಿಕ್ಕ ಕೈ ಬರಲಿಲ್ರಿ. ದಿನಾ ನೋಡ್ತೀನಲ್ರಿ ನಾ."

ಚಹಾ ಬಂತು. ಕುಡಿದೆ. ಸಕ್ಕರೆ ಕಡಿಮೆ ಹಾಕಿರಲಿಲ್ಲ. ಹಣಮಂತನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ: ನಿನ್ನ ಮಗಳು ಫೇಲಾದದ್ದು ನನ್ನ ತಪ್ಪಿನಿಂದ, ಪೂರಕ ಪರೀಕ್ಷೆ ಇದೆ, ಅದರ ರಿಝಲ್ಟ್ ಬರುವ ತನಕ ಲಗ್ನದ ಮಾತು ತಡೆ. ಅವನು ಬಲೆಯ ಗಂಟು ಹಾಕುತ್ತಲೇ ಕೇಳಿಸಿಕೊಂಡ.

"ಭೀಮು ಸುಮ್ಕ ಕುಂದರಬೇಕಲ್ರಿ. ನನ್ನ ಹೆಂಡ್ತಿ ತಮ್ಮ ಅಂವ. ಪಂಚಮಿ ಆದಮ್ಯಾಲ ನಿಶ್ಚಯ ಮಾಡೂನು ಅಂತ ಮಾತಾಗ್ಯದ."

"ರಿಝಲ್ಟ್ ಪಂಚಮಿಕಿಂತ ಮೊದಲೇ ಬರ್ತದ."

"ಬರ್ಲಿ. ಪಾಸಾದ್ರ ನರ್ಸಿಂಗಿಗಿ ಹಚ್ಚತೀನಿ, ನನ್ನ ಮಾತಂದ್ರ ಮಾತು. ಫೇಲಾದ್ರ ನೀವೇ ಬಂದು ಮೊದಲ ಅಕ್ಷತಿ ಹಾಕಬೇಕು ನೋಡ್ರಿ. ಒಪ್ಪಿಗಿ ಇದ್ರ ಹೇಳ್ರಿ."

ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಅಲ್ಲಿಂದ ಪರೀಕ್ಷೆಯ ತನಕ ನಾಗಮ್ಮ ದಿನಾ ಮೂರು ಗಂಟೆಗೆ ನಮ್ಮ ಮನೆಗೆ ಬಂದಳು. ಅತ್ತೆಯವರು ಒಳಮನೆಯಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಕಿವಿ ಮಾತ್ರ ಹೊರಗೆ. ಒಂದು ದಿನ ಕೊನೆಯ ಪುಟ ಓದಿಸಿದೆ. "ಸೊಸೆ ಯಾಕ ನಕ್ಕಳು, ನಿನ್ನ ಮಾತಿನ್ಯಾಗೇ ಹೇಳು," ಅಂದೆ. ಅವಳು ಹೇಳಿದಳು: "ಅಕಿಗಿ ಅಷ್ಟು ದಿನ ಎರಡೇ ದಾರಿ ಕಂಡಿದ್ದೂರಿ. ಎದುರು ನಿಂತು ಜಗಳ ಮಾಡೂದು, ಇಲ್ಲಂದ್ರ ಬೆನ್ನು ತಿರುಗಿಸಿ ಓಡಿ ಹೋಗೂದು. ಏಡಿ ನೋಡಿದ ಮ್ಯಾಲ ಮೂರನೇದು ಕಂಡಿತು." ಒಳಗಿನಿಂದ ಅತ್ತೆಯವರ ದನಿ ಬಂತು: "ಆ ಹುಡುಗಿ ಹೇಳೂದ ಬರೋಬರಿ ಅದ ನೋಡು. ನೀನೇ ಹತಾಶಿ ಹತಾಶಿ ಅಂತ ಒದರ್ತಿದ್ದಿ."

ಹೌದಲ್ಲ ಅನ್ನಿಸಿತು. ಇಡೀ ಕಾದಂಬರಿ ನನಗೆ ಅವತ್ತು ಹೊಸದಾಗಿ ತೆರೆಯಿತು. ಕೊಕ್ಕರೆಯ ಬಗ್ಗೆಯೂ ಅವಳನ್ನೇ ಕೇಳಿದೆ. "ನಮ್ಮ ಅಪ್ಪ ನೀರಿನ್ಯಾಗ ಹಂಗೇ ನಿಂದರ್ತಾನ್ರಿ, ತಾಸುಗಟ್ಟಲೆ. ಕಪಟ ಅಲ್ಲದು, ಹೊಟ್ಟಿ ಹಸಿವು," ಅಂದಳು. ನಾನು ಪೆನ್ನು ತೆಗೆದು ಬರೆದುಕೊಂಡೆ. ಕಲಿಸುವವಳು ಯಾರು, ಕಲಿಯುವವಳು ಯಾರು ಅನ್ನುವುದೇ ತಿಳಿಯದಾಯಿತು ಆ ಎರಡು ತಿಂಗಳು. ನನ್ನ ನೌಕರಿಯಲ್ಲಿ ಅಷ್ಟು ಸುಖವಾಗಿ ಪಾಠ ನಡೆದದ್ದು ಮತ್ತೆಂದೂ ಇಲ್ಲ.

ಪರೀಕ್ಷೆಗೆ ಹೋಗುವ ದಿನ ಕೇಳಿದಳು, "ಏಡಿ ಬಂದ್ರ ಏನ್ ಬರೀಲ್ರಿ ಅಕ್ಕೋರ?"

"ನೀ ಕಂಡದ್ದು ಬರಿ," ಅಂದೆ.

ಅಂದುಬಿಟ್ಟೆ. ಪ್ರಶ್ನೆಯೂ ಬಂತು. ಬರೆದು ಬಂದು, "ಅಡ್ಡ ಅಂತೇ ಬರದೀನ್ರಿ," ಅಂದಳು. ಪೇಪರು ತಿದ್ದುವವರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ಅದರಲ್ಲಿ "ಹಿಂದಕ್ಕೆ" ಅಂತಲೇ ಇರುವುದು ಖಾತ್ರಿ. ಮೊದಲ ಸಲ ಖಾಲಿ ಬಿಟ್ಟದ್ದಕ್ಕೆ ಫೇಲಾದಳು, ಈ ಸಲ ನನ್ನ ಮಾತು ಕೇಳಿ ಫೇಲಾದರೆ? ಅಕ್ಷತೆ ಹಾಕಲು ಯಾವ ಮುಖ ಹೊತ್ತು ಹೋಗಲಿ?

ಮೌಲ್ಯಮಾಪನಕ್ಕೆ ನನಗೂ ಕರೆ ಬಂದಿತ್ತು, ಕಲಬುರಗಿಗೆ. ಮೊದಲ ದಿನ ಮಾದರಿ ಉತ್ತರ ಓದಿ ಚರ್ಚೆ ಮಾಡುವ ಪದ್ಧತಿ ಇದೆ. ಚರ್ಚೆ ಅಂತ ಹೆಸರಷ್ಟೇ. ಮುಖ್ಯಸ್ಥರು ಓದುತ್ತಾರೆ, ನಾವು ತಲೆಯಾಡಿಸುತ್ತೇವೆ. ಆ ವರ್ಷದ ಮುಖ್ಯಸ್ಥರು ಭಾರಿ ಬಿಗಿ ಮನುಷ್ಯರು ಅಂತ ಹೆಸರಾದವರು. ಮಾದರಿ ಉತ್ತರದ ಒಂದು ಪದ ಆಚೆ ಈಚೆ ಆಗಲು ಬಿಡುವುದಿಲ್ಲ ಅನ್ನುತ್ತಿದ್ದರು. ಅವರ ಮುಂದೆ ಬರೀ ಬಾಯಿಮಾತು ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಣಮಂತನಿಗೆ ಹೇಳಿಕಳಿಸಿದೆ.

ಬೆಳಗ್ಗೆ ಶಹಾಬಾದ್ ಸ್ಟೇಷನ್ನಿಗೆ ಅವನು ಏಡಿಯೊಂದನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಬಂದ. ನಾನು ಉಪ್ಪಿಟ್ಟಿನ ಸ್ಟೀಲ್ ಡಬ್ಬಿ ಖಾಲಿ ಮಾಡಿಕೊಂಡು ತಂದಿದ್ದೆ. ಒಳಗೆ ಬಿಟ್ಟು, ಮುಚ್ಚಳ ಅರ್ಧ ಓರೆ ಇಟ್ಟು, ದಾರ ಕಟ್ಟಿಕೊಟ್ಟ. "ಸಣ್ಣದು ತಂದೀನ್ರಿ, ಕಡಿಯಂಗಿಲ್ಲ," ಅಂದ. ಆಮೇಲೆ ಅಕ್ಕಪಕ್ಕದವರಿಗೆ ಕೇಳುವ ಹಾಗೆ, "ನಮ್ಮ ಏಡಿ ಸಾಕ್ಷಿ ಹೇಳ್ಲಿಕ್ಕ ಹೊಂಟದ್ರೆಪಾ!" ಅಂತ ನಕ್ಕ. ಪ್ಯಾಸೆಂಜರ್ ಗಾಡಿಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗಿನಿಂದ ಕರಕರ ಕೆರೆಯುವ ಸದ್ದು. ಎದುರು ಕೂತ ಅಜ್ಜಿ "ಏನವ್ವ ಡಬ್ಬ್ಯಾಗ?" ಅಂದಳು. "ನಾಷ್ಟಾ" ಅಂದೆ. "ಜೀವಂತ ಅದಲ್ಲ!" ಅಂದಳು.

ಮೌಲ್ಯಮಾಪನ ಕೇಂದ್ರದ ಗೇಟಿನಲ್ಲಿ ಪೊಲೀಸಪ್ಪ ತಡೆದ. ಮೊಬೈಲ್ ತೆಗೆಸಿದ, ಪರ್ಸು ನೋಡಿದ, ಡಬ್ಬಿಯ ಮುಚ್ಚಳ ಸರಿಸಿದ. ಅವನೂ ಏಡಿಯೂ ಒಬ್ಬರನ್ನೊಬ್ಬರು ನೋಡಿದರು. "ಇದು ಎದಕ್ರಿ ಮೇಡಂ?"

"ಪಾಠಕ್ಕ ಸಂಬಂಧಪಟ್ಟದ್ದು."

ಅವನು ತನ್ನ ಹಾಳೆಯ ಪಟ್ಟಿ ಮೇಲಿಂದ ಕೆಳಗೆ ನೋಡಿದ. "ಏಡಿ ಒಳಗ ಬಿಡಬಾರದು ಅಂತ ಇದರಾಗ ಬರದಿಲ್ಲರಿ," ಅಂದು ಬಿಟ್ಟ. ಆ ಪುಣ್ಯಾತ್ಮನ ಹೆಸರು ಕೇಳಿಕೊಳ್ಳದೆ ಬಂದದ್ದು ಈಗ ಕೆಡುಕೆನಿಸುತ್ತದೆ.

ಮುಖ್ಯಸ್ಥರು ಒಂದೊಂದೇ ಉತ್ತರ ಓದುತ್ತ ಬಂದರು. "ಏಡಿ ಹಿಂದಕ್ಕೆ ನಡೆಯುವ ಪ್ರಾಣಿಯಾದ್ದರಿಂದ..." ಅಂದಾಗ ನಾನು ಎದ್ದು ನಿಂತೆ.

"ಸರ್, ಏಡಿ ಅಡ್ಡ ನಡೀತದರಿ."

ಇಡೀ ಹಾಲು ನಕ್ಕಿತು. ಹಿಂದಿನ ಬೆಂಚಿನವರೊಬ್ಬರು, "ಮೇಡಂ ಮನ್ಯಾಗ ಸಾಕ್ಯಾರ ಕಾಣ್ತದ," ಅಂದರು. ಮತ್ತೆ ನಗು.

ಮುಖ್ಯಸ್ಥರು ನಗಲಿಲ್ಲ. "ಆಧಾರ ಏನ್ರಿ?" ಅಂದರು. "ಯಾವ ವಿಮರ್ಶಕರು ಹೇಳ್ಯಾರ?"

ನಾನು ಬೆಂಚಿನ ಸಂದಿಯಿಂದ ಹೊರಬಂದು, ಅವರ ಮೇಜಿನ ಮುಂದೆ ಕೂತು, ದಾರ ಬಿಚ್ಚಿ ಡಬ್ಬಿಯನ್ನು ಫರಸಿಯ ಮೇಲೆ ಬೋರಲು ಹಾಕಿ ಎತ್ತಿದೆ. ಏಡಿ ಒಂದು ಗಳಿಗೆ ಸುಮ್ಮನೆ ಕೂತಿತು. ನಡೆಯದಿದ್ದರೆ ಏನು ಗತಿ? ಆಮೇಲೆ ಕಣ್ಣು ಎತ್ತಿತು, ಕೊಂಡಿ ಎತ್ತಿತು, ಅಷ್ಟು ಮಂದಿ ಪಂಡಿತರ ಮುಖ ನೋಡುತ್ತ ಸರಸರ ಅಡ್ಡ ಹೊರಟಿತು. ಮುಂದಿನ ಸಾಲಿನವರು ಧೋತರ, ಪ್ಯಾಂಟು, ಸೀರೆ ಎತ್ತಿಕೊಂಡು ಬೆಂಚು ಹತ್ತಿದರು. "ಹಿಡೀರಿ, ಹಿಡೀರಿ!" ಅಂತ ಗದ್ದಲ. ಮುಖ್ಯಸ್ಥರು ಮಾತ್ರ ಕುರ್ಚಿಯಿಂದ ಇಳಿದು ಕುಕ್ಕುರುಗಾಲಲ್ಲಿ ಕೂತರು. ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು, ಏಡಿ ಗೋಡೆ ಮುಟ್ಟುವ ತನಕ ನೋಡಿದರು. ಗೋಡೆ ಸಿಕ್ಕಮೇಲೆ ಅದು ತಿರುಗಲೂ ಇಲ್ಲ, ಹಾಗೆಯೇ ಈ ಕಡೆಗೆ ಅಡ್ಡ ಬಂತು.

"ಅಲ್ರೀ," ಅಂದರು ಮೆಲ್ಲಗೆ, "ನಾನೂ ಇದನ್ನ ಜನ್ಮೆಲ್ಲ ಹಿಂದಕ್ಕ ನಡಿಸೀನಲ್ರೀ."

ಎದ್ದು ಮೊಣಕಾಲು ಜಾಡಿಸಿಕೊಂಡರು. ಪೆನ್ನು ತೆಗೆದು ಮಾದರಿ ಉತ್ತರದ ಕೆಳಗೆ ತಾವೇ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು: ಏಡಿ ಅಡ್ಡ ನಡೆಯುತ್ತದೆಂದು ಬರೆದು, ಅದಕ್ಕೆ ತಕ್ಕ ಅರ್ಥ ವಿವರಿಸಿದವರಿಗೆ ಪೂರ್ಣ ಅಂಕ ಕೊಡತಕ್ಕದ್ದು. ಆಮೇಲೆ ನನ್ನ ಕಡೆ ತಿರುಗಿ, "ಸಾಕ್ಷಿನ ಕರಕೊಂಡು ಹೋಗ್ರಿ. ಚಹಾ ಟೈಮ್ ಆತು," ಅಂದರು. ತಪ್ಪು ಅಂತ ತಿಳಿದಮೇಲೆ ಅದೇ ಗಳಿಗೆಯಲ್ಲಿ ತಿದ್ದಿದ ಮೇಲಧಿಕಾರಿಯನ್ನು ನಾನು ಕಂಡದ್ದು ಅವತ್ತೇ. ನೆನೆದಾಗೆಲ್ಲ ಕೈ ಮುಗಿಯುತ್ತೇನೆ.

ಸಂಜೆ ಹೊರಗೆ ಬರುವಾಗ ಗೇಟಿನ ಪೊಲೀಸಪ್ಪ, "ಕೆಲಸ ಮುಗೀತಲ್ರಿ, ನನಗರೇ ಕೊಡ್ರಿ ಅದನ್ನ," ಅಂದ. ಕೊಡಲು ಮನಸ್ಸು ಬರಲಿಲ್ಲ. ಶಹಾಬಾದಿಗೆ ತಂದು ಕಾಗಿಣಾದ ದಂಡೆಯಲ್ಲಿ ಬಿಟ್ಟೆ. ಹಣಮಂತನಿಗೆ ಗೊತ್ತಾಗಿ, "ಅಯ್ಯ ಅಕ್ಕೋರ, ಅದು ನಮ್ಮ ಊಟ ಇತ್ತಲ್ರಿ!" ಅಂತ ನಕ್ಕ. ಡಬ್ಬಿ ಮಾತ್ರ ಅತ್ತೆಯವರು ಅಡಿಗೆಮನೆಯ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೂರು ಸಲ ಬೂದಿ ಹಾಕಿ ತಿಕ್ಕಿದರೂ ಬೇಡ ಅಂದರು. ಅಂದಿನಿಂದ ಅದು ರಂಗೋಲಿಯ ಡಬ್ಬಿ.

ನಾಗಮ್ಮ ಪಾಸಾದಳು. ಆ ಐದಂಕದಿಂದಲೇ ಪಾಸಾದಳು ಅಂತ ನಾನು ಹೇಳಲಾರೆ. ಎರಡು ತಿಂಗಳು ಅವಳು ಕಾಗುಣಿತವನ್ನೂ ಚೆನ್ನಾಗಿ ತಿದ್ದಿಕೊಂಡಿದ್ದಳು. ನಾನು ಬರೆಯಬೇಕೆಂದಿರುವುದು ಆಮೇಲಿನ ಮಾತು. ಅಂಕಪಟ್ಟಿ ಕೈಗೆ ಬಂದಾಗ ಅವಳು ಅದನ್ನು ಮೊದಲು ಅಪ್ಪನಿಗೆ ತೋರಿಸಲಿಲ್ಲ. ಸೋದರಮಾವ ಭೀಮುವಿನ ಮನೆಗೆ ಹೋದಳು. ಅಜ್ಜಿಗೆ ಕಾಲು ಮುಟ್ಟಿ, ಮಾವನ ಎದುರು ಕೂತು, "ಮಾವ, ಅಪ್ಪ ಮಾತು ಕೊಟ್ಟಾನ, ನೀನೂ ಆಸೆ ಇಟ್ಟುಕೊಂಡೀದಿ. ಇಬ್ಬರಿಗೂ ನಾ ಎದುರು ಮಾತಾಡಂಗಿಲ್ಲ. ಮೊದಲು ಇದನ್ನ ನೀ ನೋಡು," ಅಂತ ಅಂಕಪಟ್ಟಿ ಕೈಗಿಟ್ಟಳು. ಭೀಮು ಓದು ಬಾರದವ. ತಿರುಗಾಮುರುಗಾ ಹಿಡಿದು ನೋಡಿದನಂತೆ. ಮರುದಿನ ತಾನೇ ಹೋಗಿ ಹಣಮಂತನಿಗೆ ಅಂದನಂತೆ: "ಭಾವ, ನಮ್ಮ ಅಕ್ಕನ ಮಗಳು ಸೂಜಿ ಮಾಡೂದು ಕಲೀಲಿ. ನನಗೇನು, ಹೆಣ್ಣು ಸಿಗಂಗಿಲ್ಲೇನು?" ಎರಡು ವರ್ಷದ ಮೇಲೆ ಅವನ ಲಗ್ನವಾಯಿತು. ಆ ಲಗ್ನದ ಪಂಕ್ತಿಯಲ್ಲಿ ನಾಗಮ್ಮ ಓಡಾಡಿ ಬಡಿಸಿದಳು. ನಾನೂ ಹೋಗಿದ್ದೆ, ಅಕ್ಷತೆ ಹಾಕಿ ಬಂದೆ. ಈಗ ಅವಳು ಚಿಂಚೋಳಿಯ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಹಬ್ಬಕ್ಕೊಮ್ಮೆ ಫೋನ್ ಮಾಡಿ ಮೊದಲು ನನ್ನ ಗಂಟಲು ಹೇಗಿದೆ ಅಂತ ಕೇಳುತ್ತಾಳೆ.

ನಾನು ಶಹಾಬಾದಿನ ಕ್ಲಾಸಿನಲ್ಲಿ ಮರುವರ್ಷ ಫರಸಿಯ ಮೇಲೆ ಬರೆಯುವಾಗ ಎಡಗಲ್ಲಿನ ಮೇಲೆ ಪ್ರಾಣಿಯ ಹೆಸರು ಮಾತ್ರ ಬರೆದೆ. ಬಲಗಲ್ಲಿಗೆ ಹುಡುಗಿಯರನ್ನೇ ಕರೆದೆ, ಸುಣ್ಣದ ಕಡ್ಡಿ ಅವರ ಕೈಗೆ ಕೊಟ್ಟೆ. ಮೊದಮೊದಲು ಯಾರೂ ಮುಂದೆ ಬರಲಿಲ್ಲ, ಅವರಿಗೆ ಬೇಕಾದದ್ದು ನೋಟ್ಸು. ವಾರ ಹಿಡಿಯಿತು. ಈಗಂತೂ ನೋಟ್ಸು ಮೊಬೈಲಿನಲ್ಲೇ ಬರುತ್ತದೆ, ನೆಲಕ್ಕೆ ಕೂಡುವ ಜರೂರಿಲ್ಲ. ಅವುಗಳಲ್ಲೊಂದನ್ನು ಮೊನ್ನೆ ತೆರೆದು ನೋಡಿದೆ. ಏಡಿ ಅಲ್ಲಿ ಇನ್ನೂ ಹಿಂದಕ್ಕೇ ನಡೆಯುತ್ತಿದೆ.

ಸಂಜೆ ಐದಕ್ಕೆ ಸುಜಾತಾ ಬಂದಳು. ಅವಲಕ್ಕಿ ಕೊಟ್ಟೆ. ನೋಟ್‌ಬುಕ್ಕು ತಿರುವಿ ಹಾಕಿದಳು. ಏಡಿಯ ಸಾಲಿಗೆ ನಾನು ಹೊಡೆದ ಕಾಟು ನೋಡಿದಳು, ಕೊಕ್ಕರೆಯ ಮುಂದೆ ಸೇರಿಸಿದ್ದನ್ನು ಓದಿದಳು. ಇದನ್ನು ಬರೆದು ಮುಗಿದಿರಲಿಲ್ಲ, ಹಾಗಾಗಿ ಕತೆಯೆಲ್ಲ ಮೆಲುದನಿಯಲ್ಲಿ ಹೇಳಿದೆ. ಅವಳು ನಕ್ಕಳು, ಆಮೇಲೆ ಯೋಚನೆಗೆ ಬಿದ್ದಳು.

"ಮೇಡಂ, ಹಂಗಾದ್ರ ಎಮ್ಮಿ? ಜಡತೆ ಅಂತ ಹಂಗೇ ಬಿಟ್ಟೀರಲ್ರಿ. ಅದು ಖರೇ ಅದನೋ ಇಲ್ಲೋ?"

"ನಾ ಎಮ್ಮಿ ಕಟ್ಟಿಲ್ಲವ್ವ. ನಿನ್ನ ಕ್ಲಾಸಿನ್ಯಾಗ ಹಾಲು ಹಾಕಿ ಕಾಲೇಜಿಗಿ ಬರೋರು ಯಾರರೇ ಇದ್ದಾರೇನು?"

"ಮೂರು ಮಂದಿ ಇದ್ದಾರ್ರಿ."

"ಅವರನ್ನ ಕೇಳು. ಏನಂದ್ರು ಅಂತ ನನಗೂ ಹೇಳು."

ನೋಟ್‌ಬುಕ್ಕನ್ನು ಬ್ಯಾಗಿನಲ್ಲಿ ಇಟ್ಟುಕೊಂಡಳು. ಹೊರಗೆ ಹೋಗುವಾಗ ಬಾಗಿಲಲ್ಲಿ ರಂಗೋಲಿಯ ಡಬ್ಬಿ ಎತ್ತಿ, ಮುಚ್ಚಳ ತೆರೆದು ಒಳ ಇಣುಕಿ, "ಇದೇ ಏನ್ರಿ?" ಅಂದಳು. ಹೌದು ಅಂದೆ. ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟು ಹೋದಳು.

ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಯಜಮಾನರು ಮೂರು ರೊಟ್ಟಿ ತಿಂದರು, ನಾನು ಎರಡು. ಅತ್ತೆಯವರು ಅರ್ಧ ರೊಟ್ಟಿಯನ್ನು ಮೊಸರಿನಲ್ಲಿ ಕಲಸಿಕೊಂಡು ಉಂಡರು. ಉಣ್ಣುತ್ತ, "ಆ ಹುಡುಗಿ ಡಬ್ಬಿ ಮುಟ್ಟಿ ಹೋದಳಲ್ಲ, ಕೈ ತೊಳಕೊಂಡಳೋ ಇಲ್ಲೋ?" ಅಂತ ಕೇಳಿದರು. ತೊಳಕೊಂಡಳು ಅಂದೆ. ಸುಳ್ಳು. ನಿಶ್ಚಿಂತೆಯಿಂದ ಮೊದಲು ಮಲಗಿದವರು ಅತ್ತೆಯವರೇ.